ಗುರುಸಿದ್ದಮ್ಮನ ಕಣ

ಹನ್ನೊಂದರ ಕಾರ್ಯ ಮುಗಿದ ಮಾರನೆಯ ಬೆಳಿಗ್ಗೆ ಶಾಮಿಯಾನದವನು ಬಂದು ಕಂಬಗಳನ್ನು ಬಿಚ್ಚಿಕೊಂಡು ಹೋದ. ಅತ್ತೆ ಪುಟ್ಟಮಾದಮ್ಮ ಎಂದಿನಂತೆ ಹಾಲು ಕರೆದು ಡೈರಿಗೆ ಹಾಕಿ ಬಂದರು. ನೆಂಟರೆಲ್ಲ ಹೊರಟಿದ್ದರಿಂದ ನಾನು ನಾಲ್ಕೇ ತಟ್ಟೆ ತೊಳೆದೆ. ಮಾವ ಲಿಂಗಯ್ಯನವರದು, ಅತ್ತೆಯದು, ಮೈದುನ ಶಿವಸ್ವಾಮಿಯದು, ನನ್ನದು.

ಕಾಫಿಗೆ ನೀರಿಟ್ಟಾಗ ನನ್ನ ಗಂಡನ ಫೋನು ಬಡಿದುಕೊಂಡಿತು.

“ಮಲ್ಲಣ್ಣ, ಬಚ್ಚಲಲ್ಲಿ ನಾಗರಾವು ಕುಂತದೆ. ಬಿರ್‍ರನೆ ಬಾ.”

“ಅವರು ಇಲ್ಲ” ಎಂದೆ.

“ಎಷ್ಟೊತ್ಗೆ ಬತ್ತರೆ?”

ಅರಣ್ಯ ಇಲಾಖೆಯ ನಂಬರು ಕೊಟ್ಟು ಫೋನು ಇಟ್ಟೆ. ನೀರು ಕುದಿದು ಅರ್ಧವಾಗಿತ್ತು. ಮತ್ತೆ ಹಾಕಿದೆ.

ಹಿತ್ತಿಲಲ್ಲಿ ಟೊಮೆಟೊ ಕ್ರೇಟಿನೊಳಗೆ ರೆಕ್ಕೆ ಮುರಿದ ಗೂಬೆಯೊಂದಿತ್ತು. ಬಂಡೀಪುರದ ಹೆದ್ದಾರಿಯಲ್ಲಿ ಕಾರಿಗೆ ಬಡಿದು ಬಿದ್ದದ್ದು. ನನ್ನ ಗಂಡ ಅದನ್ನು ತಂದ ಮೂರನೆಯ ದಿನ ಬೇಗೂರಿನ ಹತ್ತಿರ ಅವರ ಬೈಕು ಲಾರಿಯ ಹಿಂಬದಿಗೆ ಹೊಡೆಯಿತು.

“ಅದ್ನ ಇವತ್ತೇ ಸಾಗಾಕು” ಎಂದರು ಅತ್ತೆ. “ಗೂಬೆ ಮನ್ಗ ತಂದ. ಮೂರ್ ದಿನ್ಕೆ ತಾನೇ ಓದ.”

“ಬೈಕ್ ಓಡ್ಸಿದ್ದು ಗೂಬೆಯಾ?” ಎಂದರು ಮಾವ. ಅವರು ಬಂಡೀಪುರದಲ್ಲಿ ಫಾರೆಸ್ಟ್ ವಾಚರ್ ಆಗಿದ್ದು ನಿವೃತ್ತರಾದವರು. “ಮೂವತ್ತೊರ್ಸ ಗೂಬೆ ಕೆಳ್ಗೇ ಮಲ್ಗಿದ್ದೆ. ನಂಗೇನಾಯ್ತು?”

“ನಿಮ್ಗಾಗ್ನಿಲ್ಲ. ನಿಮ್ ಮಗುನ್ಗಾಯ್ತು.”

ಮಾವ ಕಾಫಿ ಲೋಟ ಕೆಳಗಿಟ್ಟು ಎದ್ದು ಹೋದರು. ಮಧ್ಯಾಹ್ನ ಇಲಾಖೆಯವರು ಬಂದು ಗೂಬೆಯನ್ನು ಒಯ್ದರು. ಅತ್ತೆ ಕ್ರೇಟಿದ್ದ ಜಾಗವನ್ನು ಎರಡು ಸಲ ತೊಳೆದರು.

ನನ್ನ ಗಂಡ ಹಾವು ಹಿಡಿಯುತ್ತಿದ್ದರು. ಹೆದ್ದಾರಿಯಲ್ಲಿ ಏಟು ತಿಂದ ಆಮೆ, ಪುನುಗು ಬೆಕ್ಕು, ಹದ್ದು, ಯಾವುದಿದ್ದರೂ ಎತ್ತಿ ತಂದು ಇಲಾಖೆಗೆ ಒಪ್ಪಿಸುತ್ತಿದ್ದರು. ಮೂರು ವರ್ಷದ ಹಿಂದೆ ಒಂದು ಟ್ರಸ್ಟು ಮಾಡಿದ್ದರು. ಮೈಸೂರಿನಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಓದಿದ್ದ ನಾನು ಮದುವೆಯಾಗಿ ಬಂದ ಮೇಲೆ ಅದರ ಕಾರ್ಯದರ್ಶಿಯಾದೆ. ಹೆಸರಿಗೆ. ಅವರು ತೋರಿಸಿದ ಕಡೆ ಸಹಿ ಹಾಕುತ್ತಿದ್ದೆ.

ಪ್ರಾಣಿಗಳನ್ನು ನಾಲ್ಕು ದಿನ ಇಟ್ಟುಕೊಂಡು ಆರೈಕೆ ಮಾಡುವ ಒಂದು ಜಾಗ ಬೇಕೆಂಬುದು ಅವರ ಹಟ. ಜಾಗ ಟ್ರಸ್ಟಿನ ಹೆಸರಿನಲ್ಲಿದ್ದರೆ ಮಾತ್ರ ಅದಕ್ಕೆ ಅನುಮತಿ. ಹೋದ ಯುಗಾದಿ ಕಳೆದ ಮೇಲೆ ಒಂದು ದಿನ ಬಂದು, “ಗುರುಸಿದ್ದಜ್ಜಿ ಜಾಗ ಕೊಡ್ತು ಶಶಿ, ಎಂಟು ಗುಂಟೆ” ಎಂದು ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದ್ದರು. ನಮ್ಮ ಬೀದಿಯ ಕೊನೆಯಲ್ಲಿ ಒಂಟಿಯಾಗಿರುವ ಮುದುಕಿ ಗುರುಸಿದ್ದಮ್ಮ. ಅವರ ಮನೆಯ ಹಿಂದಿನ ಜಾಗ ಅದು.

ಆ ವಾರ ಚಾಮರಾಜನಗರದಿಂದ ಸಾಗರ್ ಫೋನು ಮಾಡಿದ. ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ರಜಾದಿನಗಳಲ್ಲಿ ನನ್ನ ಗಂಡನ ಜೊತೆ ತಿರುಗುತ್ತಿದ್ದವನು.

“ಮೇಡಂ, ಈಗ ಕೇಳಬಾರದು. ಆದರೂ ಮಲ್ಲಣ್ಣ ಶುರು ಮಾಡಿದ್ದು ನಿಲ್ಲಬಾರದು. ಜಾಗ ಇದೆ. ಸಾಮಾನು ಕೊಡೋರು ಇದ್ದಾರೆ. ಸಂಕ್ರಾಂತಿ ಕಳೆದ ಭಾನುವಾರ ಎಲ್ಲರೂ ಬಂದು ಕಟ್ಟಿಬಿಡೋಣ. ಆಮೇಲೆ ನೋಡಿಕೊಳ್ಳೋಕೆ ಓದಿದವರೊಬ್ಬರು ಬೇಕಲ್ಲ. ನೀವೇ ಇರಿ. ಸಂಬಳದ ವ್ಯವಸ್ಥೆ ಮೈಸೂರಿನವರು ಮಾಡ್ತಾರೆ.”

ಊಟದ ಹೊತ್ತಿಗೆ ಹೇಳಿದೆ. ಮಾವ ಮುದ್ದೆ ಮುರಿಯುವುದನ್ನು ನಿಲ್ಲಿಸಿದರು.

“ಬೋರ್ಡ್ ಮ್ಯಾಲೆ ಅವ್ನ ಎಸ್ರು ಆಕ್ತರಂತಾ?”

“ಹಾಕ್ತಾರೆ ಮಾವ.”

“ಹಂಗಾದ್ರೆ ಆಗ್ಲಿ.”

“ಅತ್ಗೇಗೂ ಒಂದ್ ಕೆಲ್ಸ ಆಯ್ತದೆ” ಎಂದ ಶಿವು. ಅವನದು ಗೂಡ್ಸ್ ಆಟೋ. “ಕುದೇರ್‍ಗೆ ವಾಪಸ್ ಓಗಿ ಅಪ್ಪನ ಮನೇಲಿ ಕೂರೋದು ತಪ್ತದೆ. ಏನ್ ಅತ್ಗೆ?”

ಅತ್ತೆ ಸಾರು ಬಡಿಸಿದರು.

ಆ ಸಂಜೆ ನಾನು ಫೋನಿನಲ್ಲಿ ಟ್ರಸ್ಟಿನ ಗುಂಪಿಗೆ ಬರೆದೆ. ‘ಗಾಯಗೊಂಡ ಕಾಡುಪ್ರಾಣಿಗಳ ಆರೈಕೆಯ ಹೊಸ ಜಾಗಕ್ಕೆ ಬೇಕಾಗಿವೆ: ಹಳೆಯ ಶೀಟು, ತಂತಿ ಜಾಲರಿ, ಕಲ್ಲುಕಂಬ, ಪ್ಲಾಸ್ಟಿಕ್ ಕ್ರೇಟು, ಹರಿದರೂ ಸರಿ ಒಗೆದ ಬೆಡ್‌ಶೀಟು, ಟವೆಲ್ಲು. ಕಟ್ಟುವ ಕೆಲಸಕ್ಕೆ ಜನ ಬೇಕು. ಸಂಕ್ರಾಂತಿ ಕಳೆದ ಭಾನುವಾರ. ಊಟ ನಮ್ಮಲ್ಲಿ.’ ಬರೆದು ಎರಡು ಸಲ ಓದಿದೆ. ಹೆಚ್ಚು ಮಾತು ಇರಲಿಲ್ಲ. ಕಳಿಸಿದೆ.

ಸಾಮಾನು ಬರತೊಡಗಿತು. ಗುಂಡ್ಲುಪೇಟೆಯ ಮಂಡಿಯವರೊಬ್ಬರು ಕ್ರೇಟು ಕೊಟ್ಟರು. ಲಾಡ್ಜಿನವರು ಎರಡು ಮೂಟೆ ಬೆಡ್‌ಶೀಟು ಕಳಿಸಿದರು. ಅತ್ತೆ ಅವುಗಳಲ್ಲಿ ಚೆನ್ನಾಗಿದ್ದ ಎರಡನ್ನು ಬೇರೆ ತೆಗೆದಿಟ್ಟರು.

“ಅವು ಪ್ರಾಣಿಗೆ ಅತ್ತೆ.”

“ಆಮೆ ಒದ್ಕಂಡ್ ಮಲಗ್ತದಾ? ಸುಮ್ನಿರಮ್ಮಿ.”

ಇಷ್ಟು ದಿನಗಳಲ್ಲಿ ನನಗೆ ಮೊದಲ ಸಲ ನಗು ಬಂತು. ಅತ್ತೆಗೂ ಬಂತು. ಆಮೇಲೆ ಇಬ್ಬರೂ ಬೇರೆ ಬೇರೆ ಕಡೆ ಹೋದೆವು.

ಚಾಮರಾಜನಗರದ ಆಚೆ ಒಬ್ಬರು ರೇಷ್ಮೆ ಸಾಕುವುದನ್ನು ಬಿಟ್ಟಿದ್ದರು. ಹುಳುಮನೆಯ ಜಾಲರಿ, ಕಬ್ಬಿಣದ ಸ್ಟ್ಯಾಂಡು ಎಲ್ಲವನ್ನೂ ಒಯ್ಯಿರಿ ಎಂದರು. ಶಿವುವಿನ ಆಟೋದಲ್ಲಿ ಹೋದೆ. ಯಜಮಾನರು ತಾವೇ ನಿಂತು ಜಾಲರಿ ಬಿಚ್ಚಿಸಿದರು.

“ನಿಮ್ಮೆಜಮಾನ್ರು ಬಂದಿದ್ದಾಗ, ಜಾಗ ಯಾರಪ್ಪ ಕೊಟ್ರು ಅಂದೆ” ಎಂದರು. “ಒಂದ್ ಅಜ್ಜಿ ದಾನ ಮಾಡ್ತು ಸಾರ್ ಅಂದ್ರು. ಇರೋದೆಲ್ಲ ಅದೊಂದೇಯಂತೆ. ಅಂಥವ್ರು ಕೊಡೋವಾಗ ನಾನು ಈ ತುಕ್ಕು ಕಬ್ಬಿಣ ಮಾರ್ಕಳದಾ? ತಕ ಓಗಿ.”

ಶಿವು ಸ್ಟ್ಯಾಂಡಿಗೆ ಹಗ್ಗ ಬಿಗಿಯುತ್ತಿದ್ದ. ತಲೆ ಎತ್ತಲಿಲ್ಲ. ನನಗೆ ನನ್ನ ಗಂಡನ ಬಗ್ಗೆ ಹೆಮ್ಮೆಯಾಯಿತು. ಅದನ್ನು ಇಲ್ಲಿ ಬರೆಯಲೇಬೇಕು.

ಗುರುಸಿದ್ದಮ್ಮ ಊರಲ್ಲಿರಲಿಲ್ಲ. ಮೊಮ್ಮಗಳ ಬಾಣಂತನಕ್ಕೆಂದು ಉಮ್ಮತ್ತೂರಿನ ಮಗಳ ಮನೆಗೆ ಹೋಗಿ ತಿಂಗಳ ಮೇಲಾಗಿತ್ತು. ಶಿವು ಇಬ್ಬರು ಆಳು ಹಿಡಿದು ಆ ಎಂಟು ಗುಂಟೆಯಲ್ಲಿ ಕಂಬಕ್ಕೆ ಹನ್ನೆರಡು ಗುಂಡಿ ತೋಡಿಸಿದ. ನಾಲ್ಕರಲ್ಲಿ ಕಲ್ಲುಕಂಬ ನಿಂತವು. ನಾನು ಅಳತೆಪಟ್ಟಿ ಹಿಡಿದಿದ್ದೆ. ನೆಲ ಎಷ್ಟು ಗಟ್ಟಿಯಾಗಿತ್ತೆಂದರೆ ಹಾರೆ ಕಿಡಿ ಹಾರಿಸುತ್ತಿತ್ತು.

“ಬಂಡೆಯಾ?” ಎಂದು ಕೇಳಿದೆ.

“ಬಂಡೆ ಅಲ್ಲ ಕಣವ್ವ” ಎಂದ ಆಳು. “ತುಳ್ದೂ ತುಳ್ದೂ ಇಂಗಾಗದೆ.”

ಜನವರಿಯ ಮೊದಲ ವಾರ ಗುರುಸಿದ್ದಮ್ಮ ಬಂದರು. ಬಸ್ಸಿಳಿದವರು ಕೈಚೀಲ ಹಿಡಿದುಕೊಂಡೇ ನಮ್ಮ ಮನೆಗೆ ಬಂದರು. ನನ್ನ ಕೈ ಹಿಡಿದು ಅತ್ತರು. ಅತ್ತೆಯನ್ನು ಅಪ್ಪಿಕೊಂಡು ಅತ್ತರು. ಸೆರಗಿನಲ್ಲಿ ಮೂಗು ಒರೆಸಿಕೊಂಡು ಜಗಲಿಯ ಮೇಲೆ ಕೂತರು.

“ಲಿಂಗಯ್ಯ, ಕೇಳ್ಬಾರ್ದು, ಕೇಳ್ತೀನಿ. ದಾರೀಲಿ ಬರ್ತಾ ನೋಡ್ದೆ. ನನ್ ಕಣ್ದಲ್ಲಿ ಯಾಕಪ್ಪ ಗುಂಡಿ ತೋಡೀರಿ?”

ಅದು ಕಣ ಎಂಬುದು ನನಗೆ ಆಗಲೇ ಗೊತ್ತಾದದ್ದು. ಈಗ ಊರಿನವರೆಲ್ಲ ರಾಗಿ ಹುರುಳಿಯನ್ನು ಟಾರು ರಸ್ತೆಯ ಮೇಲೆ ಹರಡುತ್ತಾರೆ. ಲಾರಿ ಬಸ್ಸುಗಳೇ ಒಕ್ಕುತ್ತವೆ.

“ಕಂಬಕ್ಕೆ, ಗುರುಸಿದ್ದಕ್ಕ” ಎಂದರು ಮಾವ.

“ಕಂಬ ಯಾಕೆ? ಸುಗ್ಗಿ ಗಂಟ ಆಮೆಗೀಮೆಗೆ ನೆಳ್ಳು ಮಾಡ್ಕತೀನಿ ಅಂದಿದ್ದ ಮಲ್ಲು. ಸುಗ್ಗಿ ಬಂತು. ನನ್ ಹುರುಳಿ ಒಣಗಿ ನಿಂತದೆ. ಆ ಟಾರ್ ರೋಡಲ್ಲಿ ಒಕ್ಕಿದ್ರೆ ಕಾಳ್‌ಗಿಂತ ಕಲ್ಲೇ ಜಾಸ್ತಿ. ಇರೋ ನಾಕ್ ಹಲ್ಲೂ ಓಯ್ತವೆ.”

ಮಾವ ಶಿವುವಿನ ಮುಖ ನೋಡಿದರು. “ಅವ್ನ ಜೊತೆ ಬಂದು ನಾನೇ ಸುಗ್ಗಿ ಗಂಟ ಅಂತ ಕೇಳಿದ್ದು ನಿಜ. ಆಮೇಲೆ ನೀನು ಪೂರ್ತಾ ಕೊಟ್ಬುಟ್ಟೆ ಅಂತ ಮಲ್ಲು ಯೋಳ್ದ.”

“ಪೂರ್ತಾ ಕೊಡಾಕೆ ನಂಗೇನ್ ಹುಚ್ಚಾ?”

“ಅಜ್ಜಿ, ನೀನು ಹೆಬ್ಬೆಟ್ ಒತ್ತಿದ್ದೀಯಲ್ಲ” ಎಂದ ಶಿವು.

“ಅದು ಕರೆಂಟ್ ಅರ್ಜಿಗೆ ಕಣ್ಲಾ. ಲೈನ್ ಎಳೀಬೇಕು, ಜಾಗದವ್ರ ಹೆಬ್ಬೆಟ್ ಬೇಕು ಅಂದ. ಅಲ್ವಾ ಪುಟ್ಟಮಾದಿ? ನೀನೂ ಪಕ್ಕದಲ್ಲೇ ಇದ್ದಲ್ಲ. ನನ್ ಬೆರಳ ಮಸಿ ಒರಸ್ದೋಳು ನೀನೇ ಅಲ್ವಾ?”

ಅತ್ತೆ, “ಕಾಫಿ ಉಕ್ತದೆ” ಎಂದು ಒಳಗೆ ಹೋದರು. ಒಲೆ ಹಚ್ಚಿರಲಿಲ್ಲ.

ಟ್ರಸ್ಟಿನ ಕಾಗದಗಳು ನಮ್ಮ ಕೋಣೆಯ ಬೀರುವಿನಲ್ಲಿದ್ದವು. ಗುರುಸಿದ್ದಮ್ಮ ಹೋದ ಮೇಲೆ ತೆಗೆದೆ. ಹಸಿರು ಫೈಲಿನಲ್ಲಿ ಛಾಪಾ ಕಾಗದ. ದಾನಪತ್ರ. ‘ನಾನು ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ’ ಎಂದು ಶುರುವಾಗುತ್ತಿತ್ತು. ಕೆಳಗೆ ಹೆಬ್ಬೆಟ್ಟು. ಸಾಕ್ಷಿಗಳ ಜಾಗದಲ್ಲಿ ಮೊದಲು ಶಿವಸ್ವಾಮಿ, ಎರಡನೆಯದು ನಾನು. ‘ಶಶಿರೇಖಾ, ಎಂ.ಎಸ್ಸಿ.’ ಎಂದು ನನ್ನ ಗಂಡ ಟೈಪು ಮಾಡಿಸಿದ್ದ. ಅದರ ಮೇಲೆ ನನ್ನ ಸಹಿ.

ನೆನಪಾಯಿತು. ಅಕ್ಕಿರೊಟ್ಟಿ ತಟ್ಟುತ್ತಿದ್ದೆ. ಕೊನೆಯ ಹಾಳೆಯನ್ನು ಮಾತ್ರ ತಿರುಗಿಸಿ ಹಿಡಿದಿದ್ದ. “ಕರೆಂಟ್ ಅರ್ಜಿ. ಸಾಕ್ಷಿ ಸಹಿ ಒಂದು” ಎಂದಿದ್ದ. ನಾನು ಎರಡು ಬೆರಳು ಒರೆಸಿಕೊಂಡು ಸಹಿ ಹಾಕಿದ್ದೆ. ರೊಟ್ಟಿ ಸೀದಿತ್ತು. ಅದನ್ನು ಅವನೇ ತಿಂದಿದ್ದ.

ಓದು ಬಾರದ ಅಜ್ಜಿಗೂ ನನಗೂ ಒಂದೇ ಸುಳ್ಳು ಸಾಕಾಗಿತ್ತು. ಬೇರೆಯದು ಕಟ್ಟುವ ಶ್ರಮವನ್ನೂ ಅವನು ತೆಗೆದುಕೊಂಡಿರಲಿಲ್ಲ.

ರಾತ್ರಿಯ ಊಟಕ್ಕೆ ಫೈಲನ್ನು ತಂದು ತಟ್ಟೆಗಳ ಪಕ್ಕ ಇಟ್ಟೆ.

“ಅವನು ಸುಳ್ಳು ಹೇಳಿದ್ದಾನೆ” ಎಂದೆ.

“ಅವ್ನು ಅಂತೀಯಾ?” ಎಂದರು ಅತ್ತೆ. “ಮಣ್ಣು ಒಣಗಿಲ್ಲ. ಗಂಡನ್ನ ಅವ್ನು ಅಂತೀಯಾ?”

“ನಿಮಗೆ ಗೊತ್ತಿತ್ತು.”

“ಗೊತ್ತಿತ್ತು. ಏನೀಗ? ಕುಡಿಯಾಕೆ ತಕಂಡ್ನಾ? ಸೈಟ್ ಮಾರ್‍ಕಂಡ್ನಾ? ಮೂಕ್ ಪ್ರಾಣಿಗೆ ತಾನೆ. ಅವ್ಳಿಗೆ ಯಾರವ್ರೆ? ಮಗ್ಳು ಉಮ್ಮತ್ತೂರಲ್ಲವ್ಳೆ. ಅವ್ಳು ಸತ್ ಮ್ಯಾಲೆ ಆ ಕಣ್ದಲ್ಲಿ ಎಕ್ಕದ ಗಿಡ ಬೆಳೀತದೆ.”

“ಸತ್ತ ಮೇಲೆ. ಈಗ ಬದುಕಿದ್ದಾರೆ.”

“ಅತ್ಗೆ, ಕೂಗಾಡ್ಬೇಡಿ” ಎಂದ ಶಿವು. ನಾನು ಕೂಗಾಡುತ್ತಿರಲಿಲ್ಲ. “ಇನ್ನೂ ರಿಜಿಸ್ಟ್ರಿ ಆಗಿಲ್ಲ. ಗುರುವಾರ ಗುಂಡ್ಲುಪೇಟೆಯಲ್ಲಿ ಟೈಮ್ ತಕಂಡಿದ್ದೀನಿ. ಅಜ್ಜಿ ಒಂದ್ಸಲ ಹೆಬ್ಬೆಟ್ ಕೊಡ್ಬೇಕು. ಕಾರ್ಯದರ್ಶಿ ನೀವು, ನಿಮ್ಮ ಸಹಿ ಬೇಕು. ಆಧಾರ್ ಕಾರ್ಡ್ ಇಟ್ಕಳಿ. ಅಣ್ಣನ ಕೆಲ್ಸ ಉಳೀತದೆ, ನಿಮ್ಗೂ ಒಂದ್ ದಾರಿ ಆಯ್ತದೆ. ಅಜ್ಜಿಗೆ ಒಕ್ಕಾಕೆ ಬೇರೆ ಎಲ್ಲಾರ ಜಾಗ ಮಾಡ್ಕೊಡನ.”

“ನನ್ ಮಾತು ಏನಾಯ್ತಲಾ?” ಎಂದರು ಮಾವ. “ಸುಗ್ಗಿ ಗಂಟ ಅಂತ ಕೇಳ್ದೋನು ನಾನು.”

“ಮಾತ್‌ಗೆ ಸಾಕ್ಷಿ ಇಲ್ಲ ಕಣಪ್ಪ. ಕಾಗ್ದಕ್ಕೆ ಅದೆ.”

ಮಾವ ತಟ್ಟೆಯಲ್ಲೇ ಕೈ ತೊಳೆದರು. ಮುದ್ದೆ ಅರ್ಧ ಹಾಗೇ ಇತ್ತು.

ಮರುದಿನ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಾ ಅತ್ತೆಯನ್ನು ಕೇಳಿದೆ.

“ನನಗ್ಯಾಕೆ ಹೇಳಲಿಲ್ಲ ಅತ್ತೆ? ನಾನೂ ಈ ಮನೆಯವಳಲ್ಲವಾ?”

ಅತ್ತೆ ಹಸುವಿನ ಕಾಲಿಗೆ ಹಗ್ಗ ಸುತ್ತುತ್ತಿದ್ದರು.

“ಯೋಳನ ಅಂದೆ. ಬ್ಯಾಡ ಅಂದ. ಶಶಿಗೆ ಯೋಳಿದ್ರೆ ಅವ್ಳು ಓದ್ಬುಡ್ತಾಳೆ ಅಂದ.”

ಹಾಲು ಬಿಂದಿಗೆಗೆ ಬೀಳುವ ಸದ್ದು ಕೇಳಿಸುತ್ತಿತ್ತು. ನಾನು ಸಗಣಿ ಬುಟ್ಟಿ ಎತ್ತಿಕೊಂಡು ತಿಪ್ಪೆಗೆ ಹೋದೆ.

ಸಾಗರ್‌ಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ.

“ಮಲ್ಲಣ್ಣ ಹಾಗೆ ಮಾಡೋರಲ್ಲ ಮೇಡಂ.”

“ಮಾಡಿದ್ದಾನೆ. ಕಾಗದ ನನ್ನ ಕೈಲಿದೆ.”

“ಹಾಗಾದರೆ ಬೇರೆ ಏನಾದರೂ ಕಾರಣ ಹೇಳಿ. ಅನುಮತಿ ತಡ ಆಯ್ತು ಅಂತ ಬರೀರಿ. ಅವರ ಹೆಸರು ಹಾಳಾಗುತ್ತೆ.”

“ಇನ್ನೊಂದು ಅರ್ಜಿಯ ಕತೆ ಕಟ್ಟಲಾ?” ಎಂದೆ.

ಗುಂಪಿಗೆ ಬರೆದೆ. ‘ಜಾಗವನ್ನು ದಾನ ಕೊಟ್ಟಿಲ್ಲ. ಸುಗ್ಗಿಯವರೆಗೆ ಎರವಲು ಕೊಟ್ಟಿದ್ದರು. ಈ ಭಾನುವಾರ ಕಟ್ಟುವ ಕೆಲಸ ಇಲ್ಲ. ತೋಡಿದ ಗುಂಡಿ ಮುಚ್ಚುವ ಕೆಲಸ ಇದೆ. ಸಾಮಾನು ಕೊಟ್ಟವರು ಹೇಳಿದರೆ ಹಿಂದಿರುಗಿಸುತ್ತೇವೆ. ಊಟ ನಮ್ಮಲ್ಲಿ.’

ಒಂದೇ ದಿನ ಮೂವತ್ತು ಜನ ಗುಂಪು ಬಿಟ್ಟರು. ಒಬ್ಬರು, ‘ಗಂಡ ಸತ್ತು ಎರಡು ತಿಂಗಳಾಗಿಲ್ಲ, ಆಗಲೇ ಜಾಗ ನುಂಗಲು ಹೊರಟಿದ್ದಾಳೆ’ ಎಂದು ಬರೆದರು. ಅದಕ್ಕೆ ಹನ್ನೊಂದು ಜನ ಹೆಬ್ಬೆಟ್ಟು ಒತ್ತಿದ್ದರು. ಶಿವು ನನ್ನ ಜೊತೆ ಮಾತು ಬಿಟ್ಟ. ಅತ್ತೆ ಅಡುಗೆ ತಾವೇ ಮಾಡತೊಡಗಿದರು. ನನ್ನ ತಟ್ಟೆಗೆ ಬಡಿಸಿ ಮುಚ್ಚಿಟ್ಟು ಹೋಗುತ್ತಿದ್ದರು. ತಣ್ಣಗಾದ ಮುದ್ದೆ ತಿನ್ನುವುದು ಕಷ್ಟ. ತಿಂದೆ.

ಗುರುವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಶಿವುವಿನ ಆಟೋ ಬೀದಿಯ ಕೊನೆಯಲ್ಲಿ ನಿಂತಿತ್ತು. ನಾನು ಒಣಗಲು ಹಾಕಿದ್ದ ಬಟ್ಟೆ ತಿರುವುತ್ತಿದ್ದೆ. ಗುರುಸಿದ್ದಮ್ಮ ಒಗೆದ ಸೀರೆ ಉಟ್ಟು, ಆಧಾರ್ ಕಾರ್ಡಿನ ಪ್ಲಾಸ್ಟಿಕ್ ಚೀಲ ಹಿಡಿದು ಮುಂದಿನ ಸೀಟಿಗೆ ಹತ್ತುತ್ತಿದ್ದರು. ಕೈಯಲ್ಲಿದ್ದ ಬಟ್ಟೆಯನ್ನು ಬೇಲಿಯ ಮೇಲೆ ಎಸೆದು ಓಡಿದೆ.

“ಎಲ್ಲಿಗೆ ಅಜ್ಜಿ?”

“ಗುಂಡ್ಲುಪೇಟೆಗೆ ಕೂಸೇ. ಆ ಕರೆಂಟ್ ಅರ್ಜಿ ರದ್ದು ಮಾಡ್ಸಾಕೆ ನಾನೇ ಬರ್ಬೇಕಂತೆ. ಶಿವು ಕರ್ಕಂಡ್ ಓಯ್ತಾವ್ನೆ. ಪಾಪ, ಬಾಡ್ಗೆ ಬುಟ್ ಬಂದವ್ನೆ.”

ಶಿವು ಸ್ಟೀರಿಂಗ್ ಮೇಲೆ ಕೈಯಿಟ್ಟು ಮುಂದೆ ನೋಡುತ್ತಿದ್ದ.

“ಅತ್ಗೆ, ಹತ್ತಿ” ಎಂದ. “ಅಲ್ದಿದ್ರೆ ದಾರಿ ಬುಡಿ.”

“ಇಳೀರಿ ಅಜ್ಜಿ. ಕರೆಂಟಿನ ಅರ್ಜಿ ಅಂತ ಒಂದು ಇರಲೇ ಇಲ್ಲ. ನೀವು ಹೆಬ್ಬೆಟ್ಟು ಒತ್ತಿದ್ದು ಕಣವನ್ನು ದಾನ ಕೊಟ್ಟೆ ಅನ್ನುವ ಕಾಗದಕ್ಕೆ. ಈಗ ಹೋಗಿ ಇನ್ನೊಂದು ಸಲ ಒತ್ತಿದರೆ ಅದು ನಿಮ್ಮದಲ್ಲ.”

ಗುರುಸಿದ್ದಮ್ಮ ನನ್ನನ್ನು ನೋಡಿದರು. ಶಿವುವನ್ನು ನೋಡಿದರು.

“ಯಾರ್‍ಲಾ ಬರ್ಸಿದ್ದು?”

ಶಿವು ಕನ್ನಡಿ ಒರೆಸತೊಡಗಿದ.

“ನನ್ನ ಗಂಡ” ಎಂದೆ. “ಸಾಕ್ಷಿ ಹಾಕಿದವಳು ನಾನು. ಓದದೆ ಹಾಕಿದೆ.”

“ಮಲ್ಲೂನಾ?” ಎಂದರು. “ನನ್ ಮಡಿಲಲ್ಲಿ ಉಚ್ಚೆ ಉಯ್ದಿದ್ ಕೂಸು. ಕೊಡವ್ವ ಅಂದಿದ್ರೆ ನಾನು…” ಅಷ್ಟಕ್ಕೆ ನಿಲ್ಲಿಸಿದರು. ಕೊಡುತ್ತಿದ್ದರೋ ಇಲ್ಲವೋ ಹೇಳಲಿಲ್ಲ. ಚೀಲವನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಒಂದು ಕಾಲು, ಆಮೇಲೆ ಇನ್ನೊಂದು ಕಾಲು, ಆಟೋದಿಂದ ಇಳಿದರು. ನಾನು ಕೊಟ್ಟ ಕೈಯನ್ನು ಹಿಡಿಯಲಿಲ್ಲ.

ಆಟೋ ಹೊರಟಿತು. ಖಾಲಿಯಾಗಿ ಗುಂಡ್ಲುಪೇಟೆಯ ಕಡೆಗೇ ಹೋಯಿತು.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಬೀದಿಯಲ್ಲಿ ಆಗಿದ್ದೆಲ್ಲ ಅವರಿಗೆ ಕೇಳಿಸಿತ್ತು.

“ಆಯ್ತಾ? ಬೀದೀಲಿ ನನ್ ಮಗನ ಮಾನ ತೆಗ್ದೆ. ಈಗ ತಂಪಾಯ್ತಾ?”

“ಇಲ್ಲ ಅತ್ತೆ.”

“ನಾಳೆ ಯಾರಾರ ಹಾವು ಹಿಡಿಯೋ ಮಲ್ಲು ಅಂತಾರಾ? ಕಣ ಹೊಡ್ದ ಮಲ್ಲು ಅಂತಾರೆ. ಕುದೇರ್‍ಗೆ ಓಗೋದಾದ್ರೆ ಓಗು. ನಿನ್ ಮುಖ ನೋಡಾಕಾಗಾಕಿಲ್ಲ ನಂಗೆ.”

“ಕಣ ಒಪ್ಪಿಸಿ ಹೋಗ್ತೀನಿ.”

ಅತ್ತೆ ಒಳಗೆ ಹೋಗಿ ಅತ್ತರು. ಸಾವಿನ ದಿನವೂ ಅಷ್ಟು ಜೋರಾಗಿ ಅತ್ತಿರಲಿಲ್ಲ. ಮಾವ ಹಿತ್ತಿಲ ಕಲ್ಲಿನ ಮೇಲೆ ಕೂತಿದ್ದರು. ಎರಡು ಕಡೆಗೂ ಹೋಗಲಿಲ್ಲ.

ಭಾನುವಾರ ಸಾಗರ್ ಬಂದ. ಜೊತೆಗೆ ಮೂವರು ವಿದ್ಯಾರ್ಥಿಗಳು. ನಲವತ್ತು ಜನ ಬರುತ್ತೇವೆ ಎಂದಿದ್ದರು.

“ಗುಂಡಿ ಮುಚ್ಚೋಕೆ ಸ್ವಯಂಸೇವಕರು ಬೇಕು ಅಂತ ಯಾರೂ ಇದುವರೆಗೆ ಕರೆದಿರಲಿಲ್ಲ ಮೇಡಂ” ಎಂದ. “ಅದಕ್ಕೇ ಅನುಭವ ಇರೋರು ಸಿಗಲಿಲ್ಲ.”

ನಕ್ಕನಾದರೂ ಕಣ್ಣು ಕೆಂಪಗಿತ್ತು. ಅವನಿಗೂ ನಿದ್ದೆ ಬಂದಿರಲಿಲ್ಲ ಎಂದುಕೊಂಡೆ. ಕಂಬ ಕಿತ್ತೆವು. ಜಾಲರಿ, ಸ್ಟ್ಯಾಂಡು, ಕ್ರೇಟುಗಳನ್ನು ಅವರು ತಂದಿದ್ದ ಟೆಂಪೋಗೆ ತುಂಬಿದೆವು. ಬೇರೆ ಜಾಗ ಸಿಗುವವರೆಗೆ ಚಾಮರಾಜನಗರದಲ್ಲಿ ಯಾರದೋ ಗೋಡೌನಿನಲ್ಲಿ ಇಡುತ್ತೇನೆ ಎಂದ ಸಾಗರ್. ಸಿಗದಿದ್ದರೆ ಎಂದು ನಾನು ಕೇಳಲಿಲ್ಲ. ಸಂಬಳದ ಮಾತನ್ನು ಅವನು ತೆಗೆಯಲಿಲ್ಲ. ಹನ್ನೆರಡು ಗುಂಡಿಗೂ ಮಣ್ಣು ತುಂಬಿದೆವು. ಊಟಕ್ಕೆ ನಾನೇ ಚಿತ್ರಾನ್ನ ಕಲಸಿದ್ದೆ. ಹುಣಸೆಮರದ ಕೆಳಗೆ ಕೂತು ತಿಂದರು. ಟೆಂಪೋ ಹೋಯಿತು.

ಫೈಲು ತೆಗೆದುಕೊಂಡು ಗುರುಸಿದ್ದಮ್ಮನ ಬಾಗಿಲಿಗೆ ಹೋದೆ. ದಾನಪತ್ರ ಕೊಟ್ಟೆ. ತಿರುಗಿಸಿ ನೋಡಿದರು. ತಮ್ಮ ಹೆಬ್ಬೆಟ್ಟನ್ನು ಉಗುರಿನಿಂದ ಕೆರೆದರು. ನಾಲ್ಕಾಗಿ ಮಡಿಸಿ ಒಲೆಗೆ ಹಾಕಿದರು. ಅದು ಹೊತ್ತಿಕೊಳ್ಳುವವರೆಗೆ ಇಬ್ಬರೂ ನೋಡಿದೆವು.

“ಆಯ್ತಲ್ಲ ಅಜ್ಜಿ” ಎಂದೆ.

“ಏನಾಯ್ತು? ಓದ್ದೋಳು, ಕಾಗ್ದ ಕೊಟ್ಟೆ. ಕಣ ಇಂಗೆಯಾ ಒಪ್ಸೋದು? ಎರವಲ್ ತಂದ ಕಣ ಸಾರ್‍ಸಿ ಕೊಡ್ಬೇಕು. ಒಂದ್ ಮೊರ ಕಾಳ್ ಇಡ್ಬೇಕು. ನಿಮ್ಮಪ್ಪನ ಮನೇಲಿ ಯೋಳ್ಕೊಡ್ನಿಲ್ವಾ?”

ನಮ್ಮ ಕೊಟ್ಟಿಗೆಯಿಂದ ಮೂರು ಬುಟ್ಟಿ ಸಗಣಿ ಹೊತ್ತೆ. ನೀರಿನಲ್ಲಿ ಕದಡಿ, ಪೊರಕೆ ಹಿಡಿದು ಒಂದು ಮೂಲೆಯಿಂದ ಸಾರಿಸತೊಡಗಿದೆ. ಮುಚ್ಚಿದ ಗುಂಡಿಗಳ ಹತ್ತಿರ ಮಣ್ಣು ನೀರು ಕುಡಿದು ಕುಸಿಯುತ್ತಿತ್ತು.

“ನೀರ್ ಜಾಸ್ತಿ ಆಯ್ತು” ಎಂದು ಹಿಂದಿನಿಂದ ಯಾರೋ ಹೇಳಿದರು. ಮಾವ. “ಅಂಗಲ್ಲ. ಮೊದ್ಲು ಗುದ್ದು. ಆಮೇಲೆ ಸಾರ್‍ಸು. ಅಂಗಳ ಅಂದ್ಕಂಡೆಯಾ ಇದ್ನ?”

ಒಂದು ದಿಮ್ಮಿ ಎತ್ತಿ ಒಂದೊಂದೇ ಗುಂಡಿಯನ್ನು ಗುದ್ದಿದರು. ಉಸಿರು ಕಟ್ಟುತ್ತಿತ್ತು. ನಾನು ಕೊಡಿ ಎಂದರೆ ಕೊಡಲಿಲ್ಲ. ಹನ್ನೆರಡನೆಯದು ಮುಗಿದ ಮೇಲೆ ಮನೆಗೆ ಹೋಗಿ ಒಂದು ಮೊರ ರಾಗಿ ತಂದರು. ಅತ್ತೆ ತುಂಬಿಕೊಟ್ಟರೋ, ಅತ್ತೆಗೆ ಕಾಣದಂತೆ ಅವರೇ ತುಂಬಿಕೊಂಡರೋ ನಾನು ಕೇಳಲಿಲ್ಲ. ಮೊರವನ್ನು ನನ್ನ ಕೈಗೆ ಕೊಟ್ಟು, “ನಂಗೆ ಬಾಯಿ ಬರಾಕಿಲ್ಲ. ನೀನೇ ಒಪ್ಸು” ಎಂದು ಹುಣಸೆಮರದ ಕಡೆಗೆ ತಿರುಗಿ ನಿಂತರು.

ಗುರುಸಿದ್ದಮ್ಮ ಬಂದು ಕಣದ ಅಂಚಿನಲ್ಲಿ ನಿಂತರು. ಮೊರವನ್ನು ಅವರ ಮುಂದೆ ಇಟ್ಟೆ.

“ನಿಮ್ಮ ಕಣ ತಗೊಳ್ಳಿ ಅಜ್ಜಿ.”

“ಯಾರ್ ತಂದಿದ್ದು?”

“ಗೊತ್ತಲ್ಲ ನಿಮಗೆ.”

“ನಂಗೆ ಗೊತ್ತು. ತಂದೋರ್ ಎಸ್ರು ಯೋಳಿ ಒಪ್ಸೋದು ಕೂಸೇ. ಇಲ್ದಿದ್ರೆ ಅದು ಅವ್ರ ಮ್ಯಾಲೇ ಉಳೀತದೆ.”

ಅವನು ಸತ್ತ ಮೇಲೆ ಆ ಹೆಸರು ನನ್ನ ಬಾಯಲ್ಲಿ ಒಮ್ಮೆಯೂ ಬಂದಿರಲಿಲ್ಲ. ಆಸ್ಪತ್ರೆಯವರು ಕೇಳಿದಾಗ ಶಿವು ಹೇಳಿದ್ದ. ಪಂಚಾಯಿತಿಯವರು ಕೇಳಿದಾಗ ಬರೆದು ಕೊಟ್ಟಿದ್ದೆ.

“ಮಲ್ಲಿಕಾರ್ಜುನಸ್ವಾಮಿ ಎರವಲು ತಂದಿದ್ದ ಕಣ” ಎಂದೆ. “ವಾಪಸ್ಸು ಕೊಡ್ತಾ ಇದ್ದೀನಿ.”

ಹುಣಸೆಮರದ ಕಡೆಯಿಂದ ಮಾವ ಮೂಗು ಸೀಟಿದ ಸದ್ದು ಬಂತು. ಗುರುಸಿದ್ದಮ್ಮ ಬಗ್ಗಿ ಮೊರ ಎತ್ತಿಕೊಂಡರು.

“ಬಂತು” ಎಂದರು.